ಶನಿವಾರ ಮಾತ್ರ ಕೆಡುತ್ತಿದ್ದ ಸೆನ್ಸರ್ ಬಾರ್

ರಿಪೇರಿ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು ಯಾವ ಮೀಟರ್ ಕೊಳ್ಳಬೇಕು, ಯಾವ ಸಾಲ್ಡರಿಂಗ್ ಐರನ್ ಒಳ್ಳೆಯದು ಎಂದು. ಯಾವುದಾದರೂ ಆದೀತು. ಕೈ ಕಲಿಯುತ್ತದೆ. ಈ ಕೆಲಸದಲ್ಲಿ ತುಕ್ಕು ಹಿಡಿಯುವುದು ಬಾಯಿ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಒಂದು ಮೇಜು, ಬಿಚ್ಚಿಟ್ಟ ಒಂದು ಸಾಮಾನು, ಅದರ ಎದುರಿಗೆ ನೀವು. ಅದು ನಿಮ್ಮ ಜೊತೆ ಮಾತಾಡುವುದಿಲ್ಲ, ನೀವೂ ಅದರ ಜೊತೆ ಮಾತಾಡಬಾರದು. ಮಾತಾಡಲು ಶುರು ಮಾಡಿದಿರೋ, ರಜೆ ಹಾಕಿ. ಇದನ್ನು ಯಾವ ಕೋರ್ಸಿನಲ್ಲೂ ಹೇಳುವುದಿಲ್ಲವಾದ್ದರಿಂದ ನಾನು ಬರೆಯಬೇಕಾಗಿದೆ.

ನಾನು ಮೈಸೂರಿನವನು. ರೇಡಿಯೋ, ಟಿವಿ ರಿಪೇರಿ ಕಲಿತದ್ದು ಅಲ್ಲಿಯೇ. ಅಕ್ಕನ ಸ್ಪಾನ್ಸರ್‌ಶಿಪ್ಪಿನಲ್ಲಿ ನಾನೂ ನನ್ನ ಹೆಂಡತಿ ಗಿರಿಜಾಳೂ ಅಮೆರಿಕದ ಎಡಿಸನ್‌ಗೆ ಬಂದಾಗ ಇಬ್ಬರಿಗೂ ವಯಸ್ಸಾಗಿತ್ತು. ನಮಗೆ ಮಕ್ಕಳಿಲ್ಲ. ಆಮೇಲೆ ಅಕ್ಕ ಮಗನ ಹಿಂದೆ ಟೆಕ್ಸಸ್‌ಗೆ ಹೋದಳು. ಇಲ್ಲಿನ ಬ್ಯಾಂಕುಗಳು ಮುಳುಗಿದವಲ್ಲ, ಅದರ ಹಿಂದಿನ ವರ್ಷ ಗಿರಿಜಾ ತೀರಿಹೋದಳು. ಅಂಗಡಿಯ ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಮನೆಗೆ ಕಿಟಕಿ ಇತ್ತು, ಅದರಾಚೆ ಪಾರ್ಕಿಂಗ್ ಲಾಟ್ ಇತ್ತು. ಎರಡರ ನಡುವೆ ಡ್ರೈವ್ ಮಾಡಿಕೊಂಡಿದ್ದೆ.

ಅಂಗಡಿ ಶೆಣೈಯವರದು. ಕುಂದಾಪುರದ ಕಡೆಯವರು, ಮೊದಲು ಹೋಟೆಲ್ ನಡೆಸಿದವರು. ಅವರಿಗೆ ಏನನ್ನೂ ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಜನ ಹೊಸದು ಕೊಳ್ಳುವುದನ್ನು ನಿಲ್ಲಿಸಿ ಹಳೆಯದನ್ನೇ ತಂದು "ಹೇಗಾದರೂ ಮಾಡಿ ಕೊಡಿ" ಎನ್ನತೊಡಗಿದ್ದ ಕಾಲ ಅದು. ಆಗ ಎಲ್ಲರ ಮನೆಯಲ್ಲೂ ಒಂದು ಟಿವಿ ಗೇಮ್ ಬಂದಿತ್ತು. ರಿಮೋಟನ್ನು ಕೈಯಲ್ಲಿ ಹಿಡಿದು ಬೀಸಿದರೆ ಪರದೆಯ ಮೇಲೆ ಟೆನಿಸ್, ಬೌಲಿಂಗ್ ಆಡಬಹುದು. ಅದರ ಜೊತೆ ಒಂದು ತೆಳು ಬಾರ್ ಬರುತ್ತದೆ, ಅದನ್ನು ಟಿವಿಯ ಮೇಲೋ ಕೆಳಗೋ ಇಡಬೇಕು. ಅದಕ್ಕೆ ಸೆನ್ಸರ್ ಬಾರ್ ಎಂದು ಹೆಸರು. ಮಕ್ಕಳು ಅದರ ವೈರ್ ಎಳೆದು ಕಿತ್ತುಹಾಕುತ್ತಿದ್ದರು. ಅದೊಂದೇ ಬಿಡಿಯಾಗಿ ಸುಲಭಕ್ಕೆ ಸಿಗುತ್ತಿರಲಿಲ್ಲ.

"ನಿನ್ನೆಯ ಇಡ್ಲಿ ಇವತ್ತಿನ ಉಪ್ಪಿಟ್ಟು, ಗೊತ್ತುಂಟಲ್ಲ?" ಎಂದರು ಶೆಣೈಯವರು, ಸತ್ತ ಟಿವಿ ರಿಮೋಟುಗಳ ಪೆಟ್ಟಿಗೆಯನ್ನು ಕಾಲಿನಿಂದ ನನ್ನ ಕಡೆ ತಳ್ಳುತ್ತ. "ಅದರೊಳಗೆ ಎಂತಾದ್ರು ಸಿಗ್ತದಾ ನೋಡಿ ಮಾರಾಯ್ರೆ."

ಸಿಕ್ಕಿತು. ಒಂದು ಒಳ್ಳೆಯ ಬಾರನ್ನು ಬಿಚ್ಚಿ ನೋಡಿ ನನಗೆ ನಗು ಬಂತು. ಹೆಸರಿಗೆ ಸೆನ್ಸರ್, ಒಳಗೆ ಸೆನ್ಸರೂ ಇಲ್ಲ, ಮಣ್ಣೂ ಇಲ್ಲ. ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಬೆಳಕು ಕೊಡುವ ಪುಟ್ಟ ದೀಪಗಳು, ಅಷ್ಟೇ. ಟಿವಿ ರಿಮೋಟಿನ ಮೂತಿಯಲ್ಲಿರುತ್ತದಲ್ಲ, ಅದೇ ಜಾತಿಯವು. ಗೇಮಿನ ರಿಮೋಟಿನ ಮುಂಭಾಗದಲ್ಲಿ ಒಂದು ಕಣ್ಣಿದೆ, ಅದು ಈ ಎರಡು ಚುಕ್ಕೆಗಳನ್ನು ನೋಡಿ ತಾನು ಯಾವ ಕಡೆ ತಿರುಗಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಪರದೆಯ ಮೇಲೆ ಕೈಯ ಚಿತ್ರವೊಂದು ಓಡಾಡುತ್ತದೆ. ಬಾರ್ ಇಲ್ಲದಿದ್ದರೆ ಆ ಕೈ ಇಲ್ಲ, ಕೈ ಇಲ್ಲದಿದ್ದರೆ ಯಾರು ಆಡಬೇಕೆಂದು ಆರಿಸುವಂತಿಲ್ಲ, ಆಟವೇ ಶುರುವಾಗುವುದಿಲ್ಲ.

ಸತ್ತ ರಿಮೋಟುಗಳ ದೀಪ ಕಿತ್ತು, ಬ್ಯಾಟರಿ ಜೋಡಿಸಿ ಮೊದಲ ಬಾರ್ ಮಾಡಿದೆ. ಅದರ ಹೊರಮೈಗೆಂದು ಪಕ್ಕದ ಇಂಡಿಯನ್ ಗ್ರೋಸರಿಯಿಂದ ಉದ್ದನೆಯ ಅಗರಬತ್ತಿ ಡಬ್ಬಿ ತಂದಿದ್ದೆ. ನೋಡಲು ಅಪ್ಪಟ ಅಗರಬತ್ತಿ ಡಬ್ಬಿಯೇ. ಗಿರಾಕಿಯೊಬ್ಬಳು ಮೂಸಿ ನೋಡಿ, "ಅಂಕಲ್, ಇದು ಪೂಜೆಗಾ ಆಟಕ್ಕಾ?" ಎಂದಳು. ಆಮೇಲೆ ಗೋಡೆಗೆ ವೈರ್ ಎಳೆಯುವಾಗ ಹಾಕುವ ಬಿಳಿ ಪ್ಲಾಸ್ಟಿಕ್ ಪಟ್ಟಿಗೆ ಬದಲಾಯಿಸಿದೆ. ಬ್ಯಾಟರಿ ಮುಚ್ಚಳಗಳನ್ನು ಮೊಸರಿನ ಡಬ್ಬಿಯಿಂದ ಕತ್ತರಿಸುತ್ತಿದ್ದೆ. ರಿಮೋಟನ್ನು ಮಣಿಕಟ್ಟಿಗೆ ಕಟ್ಟುವ ದಾರ ಹರಿದಿದ್ದರೆ ಪೈಜಾಮದ ಲಾಡಿ ಹಾಕಿ ಹೊಲಿದು ಕೊಡುತ್ತಿದ್ದೆ. ಲಾಡಿ ಹರಿದದ್ದನ್ನು ನಾನು ಕಂಡಿಲ್ಲ.

ತಪ್ಪುಗಳಿಗೇನು ಬರ. ಒಂದು ತುದಿಯ ದೀಪಗಳನ್ನು ತಿರುಗಾಮುರುಗಾ ಕೂರಿಸಿ ಕಳಿಸಿದ್ದುಂಟು. ಕಾಣದ ಬೆಳಕು ನೋಡಿ, ಉರಿಯುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಸೆಲ್ ಫೋನಿನ ಕ್ಯಾಮೆರಾ ಹಿಡಿದು ನೋಡಿದರೆ ಮಾತ್ರ ನೇರಳೆ ಚುಕ್ಕೆಗಳು ಕಾಣುತ್ತವೆ. ಇದು ಗೊತ್ತಾಗುವ ಮೊದಲು ಎಷ್ಟೋ ಬಾರ್‌ಗಳು ವಾಪಸ್ ಬಂದವು. ಇನ್ನೊಂದು ಬಗೆಯ ದೂರೂ ಇತ್ತು. ಬಾರ್ ಸರಿಯಾಗಿಯೇ ಇರುತ್ತಿತ್ತು, ಜನ ಮಾತ್ರ "ಲೈಟೇ ಬರ್ತಿಲ್ಲ, ಡೆಡ್ ಆಗಿದೆ" ಎಂದು ತರುತ್ತಿದ್ದರು. ಶೆಣೈಯವರು ನಡುವೆ ಒಂದು ಕೆಂಪು ಬಲ್ಬ್ ಹಾಕಲು ಹೇಳಿದರು.

"ಅದರಿಂದ ಏನೂ ಉಪಯೋಗ ಇಲ್ಲ ಸಾರ್," ಎಂದೆ.

"ಉಪಯೋಗಕ್ಕೆ ನಿಮ್ಮ ದೀಪ ಉಂಟಲ್ಲ. ನನ್ನದು ಕಾಣ್ಲಿಕ್ಕೆ. ಕಾಣದಿದ್ರೆ ಜನ ನಂಬುದಿಲ್ಲ ಮಾರಾಯ್ರೆ."

ನಾನು ವಾರವೆಲ್ಲ ಗೊಣಗಿದೆ. ಬಲ್ಬ್ ಹಾಕಿದ ಮೇಲೆ ಆ ದೂರು ನಿಂತುಹೋಯಿತು. ಮೇಲಿನವರು ಹೇಳಿದ್ದೆಲ್ಲ ತಪ್ಪಿರುವುದಿಲ್ಲ, ಅದು ನುಂಗಲು ಸ್ವಲ್ಪ ಕಹಿ.

ಸುರೇಶ ಅಂಗಡಿಗೆ ಬಂದದ್ದು ಈ ಕೆಂಪು ಬಲ್ಬಿನ ಕಾಲದಲ್ಲಿ. ಪ್ಲೇನ್ಸ್‌ಬರೋದಲ್ಲಿ ಅಪಾರ್ಟ್‌ಮೆಂಟ್, ಐಟಿ ಕೆಲಸ. ಪ್ರಾಜೆಕ್ಟ್ ಮುಗಿದು ಕಂಪನಿ ಅವನನ್ನು ಬೆಂಚಿನಲ್ಲಿ, ಅಂದರೆ ಕೆಲಸ ಕೊಡದೆ ಸುಮ್ಮನೆ, ಕೂರಿಸಿತ್ತು. ಕೆಲಸ ಇವತ್ತು ಹೋಗುತ್ತೋ ನಾಳೆಯೋ ಎಂಬ ಸ್ಥಿತಿಯಲ್ಲಿ ಹೆಂಡತಿ ಸುಮಾಳನ್ನೂ ಮಗಳು ಪುಟ್ಟಿಯನ್ನೂ ಮೈಸೂರಿಗೆ, ಸುಮಾಳ ತವರಿಗೆ ಕಳಿಸಿದ್ದ. ಹೊರಡುವಾಗ ಸೂಟ್‌ಕೇಸ್ ತೂಗಿ ನೋಡಿದರಂತೆ. ನಮ್ಮವರ ಪೆಟ್ಟಿಗೆಯಲ್ಲಿ ತೂಕ ಉಳಿದರೆ ಏನಾಗುತ್ತದೆ ನಿಮಗೇ ಗೊತ್ತು, ಕೈಗೆ ಸಿಕ್ಕಿದ್ದನ್ನು ತುರುಕಬೇಕು. ಪುಟ್ಟಿಯ ಆಟದ ಸಾಮಾನುಗಳ ಜೊತೆ ಸೆನ್ಸರ್ ಬಾರ್ ಕೂಡ ಸೀರೆಯಲ್ಲಿ ಸುತ್ತಿಕೊಂಡು ಮೈಸೂರು ಸೇರಿತು. ಗೇಮ್ ಇಲ್ಲಿ, ಬಾರ್ ಅಲ್ಲಿ.

"ಒಂದು ಬಾರ್ ಮಾಡ್ಕೊಡಿ ಅಂಕಲ್. ಈ ಶನಿವಾರದೊಳಗೆ ಬೇಕು," ಎಂದ.

"ಶನಿವಾರಕ್ಕೆ ಏನು ಅವಸರ? ಒಬ್ಬನೇ ತಾನೇ ಆಡೋದು?"

ಅವನು ಸಂಕೋಚದಿಂದಲೇ ಹೇಳಿದ. ಈ ಗೇಮಿನಲ್ಲಿ ನಮ್ಮ ಮುಖದಂತೆಯೇ ಗೊಂಬೆ ಮಾಡಿ ಇಟ್ಟುಕೊಳ್ಳಬಹುದು. ಅವನದು, ಸುಮಾಳದು, ಪುಟ್ಟಿಯದು ಮೂರು ಗೊಂಬೆಗಳಿದ್ದವು. ಪುಟ್ಟಿಗೆ ಅವನು ಮಾತು ಕೊಟ್ಟಿದ್ದು ಹೀಗೆ: ಪ್ರತಿ ಶನಿವಾರ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿ ಲ್ಯಾಪ್‌ಟಾಪಿನ ಕ್ಯಾಮೆರಾವನ್ನು ಟಿವಿಯ ಕಡೆ ತಿರುಗಿಸಿಡುತ್ತಾನೆ. ಅಲ್ಲಿ ಮೈಸೂರಿನಲ್ಲಿ ಸಂಜೆ. ಇವನು ಮೂವರ ಸರದಿಯನ್ನೂ ತಾನೇ ಬೌಲ್ ಮಾಡುತ್ತಾನೆ, ಪುಟ್ಟಿ ಅಲ್ಲಿಂದ ಎಡಕ್ಕೆ, ಬಲಕ್ಕೆ ಎಂದು ಹೇಳಿಕೊಡುತ್ತಾಳೆ. ಮನೆ ಹಾಗೇ ಇರುತ್ತೆ, ನೀವು ಬೇಗ ವಾಪಸ್ ಬರ್ತೀರ ಎಂದು ಅವಳಿಗೆ ಹೇಳಿ ಕಳಿಸಿದ್ದ.

"ಈ ಆಟಾನೂ ಇಲ್ಲ ಅಂದ್ರೆ ಅವಳಿಗೆ ನನ್ನ ಹತ್ರ ಮಾತಾಡೋಕೆ ಏನೂ ಇರಲ್ಲ ಅಂಕಲ್. ಊಟ ಆಯ್ತಾ ಅಂತ ಎಷ್ಟು ಸಲ ಕೇಳ್ಲಿ? ಮರ್ತೇ ಬಿಡ್ತಾಳೆ."

ಅಂದೇ ಕೂತು ಮಾಡಿ ಕೊಟ್ಟೆ. ಸೋಮವಾರ ವಾಪಸ್ ತಂದ. ಪರದೆಯ ಮೇಲಿನ ಕೈ ನಿಲ್ಲುತ್ತಲೇ ಇಲ್ಲ, ಹುಚ್ಚು ಹಿಡಿದ ಹಾಗೆ ಓಡುತ್ತದೆ, ಆಟ ಶುರು ಮಾಡಲಾಗದೆ ಪುಟ್ಟಿ ಬೇಜಾರಾಗಿ ಎದ್ದುಹೋದಳು ಎಂದ. ನಾನು ಅಂಗಡಿಯ ಗೇಮಿಗೆ ಹಾಕಿ ನೋಡಿದರೆ ಬಾರ್ ಸರಿಯಾಗಿದೆ. ಆದರೂ ದೀಪಗಳನ್ನೆಲ್ಲ ಬದಲಾಯಿಸಿ ಕೊಟ್ಟೆ. ಮರು ಸೋಮವಾರ ಮತ್ತೆ ಬಂದ. ಹೊಸ ಬಾರನ್ನೇ ಮಾಡಿದೆ. ಅದೂ ವಾಪಸ್.

"ಬೇರೆ ದಿನ ಹೇಗಿರುತ್ತೆ?" ಎಂದು ಕೇಳಿದೆ.

"ನಿನ್ನೆ ರಾತ್ರಿ ಹಾಕಿ ನೋಡಿದೆ, ಚೆನ್ನಾಗಿಯೇ ಇತ್ತು. ಶನಿವಾರ ಮಾತ್ರ ಕೈಕೊಡುತ್ತೆ."

ಶೆಣೈಯವರು ಕೌಂಟರಿನಿಂದಲೇ ಕೇಳಿಸಿಕೊಂಡರು. "ನಿಮ್ಮ ಬಾರಿಗೆ ಶನಿ ಹಿಡಿದಿದೆ ಮೂರ್ತಿಯವ್ರೆ. ಎಳ್ಳುಬತ್ತಿ ಹಚ್ಚಿ."

ನನಗೆ ಸಿಟ್ಟು ಬಂತು. ನಲವತ್ತು ವರ್ಷ ಕೈಯಾಡಿಸಿದವನ ಮರ್ಯಾದೆ ಒಂದು ಪ್ಲಾಸ್ಟಿಕ್ ಪಟ್ಟಿಯ ಕೈಯಲ್ಲಿ ಹೋಗುವುದೆಂದರೇನು? ಮುಂದಿನ ಶನಿವಾರ ಡ್ರೈವ್ ಮಾಡಿಕೊಂಡು ನಾನೇ ಪ್ಲೇನ್ಸ್‌ಬರೋಗೆ ಹೋದೆ.

ಸುರೇಶ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು ಬಾಗಿಲು ತೆರೆದ. ನಾನು ಒಳಗೆ ಕಾಲಿಟ್ಟೆ. ಲಿವಿಂಗ್ ರೂಮಿನಲ್ಲಿ ಸೋಫಾ ಇಲ್ಲ, ಡೈನಿಂಗ್ ಟೇಬಲ್ ಇಲ್ಲ, ಎಲ್ಲ ಮಾರಿಬಿಟ್ಟಿದ್ದ. ಕಾರ್ಪೆಟಿನ ಮೇಲೆ ಸೋಫಾದ ಕಾಲುಗಳು ಊರಿದ್ದ ಗುಳಿಗಳು ಹಾಗೇ ಇದ್ದವು. ಟಿವಿ ಇದ್ದ ಗೋಡೆ ಮಾತ್ರ ತುಂಬಿತ್ತು. ಪುಟ್ಟಿ ಬಿಡಿಸಿದ ಚಿತ್ರಗಳು, ಸ್ಕೂಲಿನ ಫೋಟೋ, ಹುಟ್ಟುಹಬ್ಬದ ತೋರಣ. ಕ್ಯಾಮೆರಾ ಯಾಕೆ ಯಾವಾಗಲೂ ಆ ಗೋಡೆಯ ಕಡೆಗೇ ಇರುತ್ತದೆ ಎಂದು ಆಗ ತಿಳಿಯಿತು.

ಬಾರ್ ಟಿವಿಯ ಕೆಳಗಿತ್ತು. ಅದರ ಪಕ್ಕದಲ್ಲೇ ವೆಂಕಟರಮಣನ ಪಟ ಒರಗಿಸಿ, ಎದುರಿಗೆ ಎರಡು ಹಿತ್ತಾಳೆ ದೀಪ ಹಚ್ಚಿಟ್ಟಿದ್ದ. ದೇವರ ಮಂಟಪವೂ ಮಾರಿಹೋಗಿದ್ದರಿಂದ ದೇವರಿಗೆ ಟಿವಿ ಸ್ಟ್ಯಾಂಡೇ ಗತಿ.

"ಈ ದೀಪ ದಿನಾ ಹಚ್ತೀಯೇನಪ್ಪ?"

"ಇಲ್ಲ ಅಂಕಲ್, ಶನಿವಾರ ಮಾತ್ರ. ನಮ್ಮನೇಲಿ ಶನಿವಾರ ವೆಂಕಟರಮಣನ ದೀಪ ತಪ್ಪಿಸಲ್ಲ."

ನಾನು ಕಾರ್ಪೆಟಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಣ್ಣೆ ದೀಪದ ಉರಿಯಲ್ಲಿ ನನ್ನ ಬಾರಿನದೇ ಆ ಕಾಣದ ಬೆಳಕು ಧಾರಾಳವಾಗಿರುತ್ತದೆ. ಪಾಪ, ರಿಮೋಟಿನ ಕಣ್ಣಿಗೆ ಎರಡರ ಬದಲು ನಾಲ್ಕು ಚುಕ್ಕೆ ಕಂಡು ಯಾವುದನ್ನು ನಂಬುವುದೋ ತಿಳಿಯದೆ ಒದ್ದಾಡುತ್ತಿತ್ತು. ಮಗಳ ಎದುರಿಗೆ ಕೂರುವ ಮುಂಚೆ ಶಾಸ್ತ್ರಪ್ರಕಾರ ದೀಪ ಹಚ್ಚಿ ಅವನೇ ಆಟ ಕೆಡಿಸುತ್ತಿದ್ದ. ಇದನ್ನೊಂದು ಪಾಠವಾಗಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ನಡೆಯುವ ಸಾಮಾನು ಮನೆಯಲ್ಲಿ ನಡೆಯದಿದ್ದರೆ ಸಾಮಾನನ್ನು ಬಿಟ್ಟು ಮನೆಯನ್ನು ನೋಡಿ.

"ಸರಿ, ಆಟ ಮುಗಿಯೋವರೆಗೆ ದೀಪ ಶಾಂತ ಮಾಡು," ಎಂದೆ.

"ಆಗಲ್ಲ ಅಂಕಲ್. ಸುಮಾ ಕಾಲ್‌ಗೆ ಬಂದ ತಕ್ಷಣ ಮೊದಲು ನೋಡೋದೇ ದೀಪ. ಅದಿಲ್ಲ ಅಂದ್ರೆ ಇನ್ನೇನೇನೋ ಯೋಚನೆ ಮಾಡ್ತಾಳೆ."

ದೀಪ ಬೇರೆ ಕಡೆ ಇಡು ಎನ್ನಲು ಬೇರೆ ಕಡೆ ಇರಲಿಲ್ಲ. ಕ್ಯಾಮೆರಾಕ್ಕೆ ಕಾಣುವ ಮನೆ ಅಷ್ಟೇ. ಸ್ವಲ್ಪ ಹೊತ್ತು ಯೋಚಿಸಿ ನನ್ನ ಬಾರನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಪಟವನ್ನು ನಡುವೆ ಇಟ್ಟು, ಬಾರಿನ ಎರಡು ತುದಿ ಬರುತ್ತಿದ್ದ ಜಾಗಕ್ಕೆ ಒಂದೊಂದು ದೀಪ ಸರಿಸಿದೆ. ಸ್ಮೋಕ್ ಅಲಾರ್ಮ್ ಎಲ್ಲಿದೆ ಎಂದು ತಲೆಯೆತ್ತಿ ನೋಡಿ, ರಿಮೋಟ್ ಎತ್ತಿ ಹಿಡಿದೆ. ಕೈ ಪರದೆಯ ಮೇಲೆ ಸ್ಥಿರವಾಗಿ ನಿಂತಿತು. ದೀಪವೇ ಬಾರ್ ಆಯಿತು. ಆ ದಿನ ನಾನು ಮಾಡಿದ ಸಾಮಾನು ಯಾವುದೂ ಬೇಕಾಗಲಿಲ್ಲ, ಆದರೂ ಅಷ್ಟು ಹೆಮ್ಮೆ ನನಗೆ ಬೇರೆ ಯಾವ ರಿಪೇರಿಯಲ್ಲೂ ಆಗಿಲ್ಲ.

ಕಾಲ್ ಬಂತು. ಸುಮಾ ದೀಪ ನೋಡಿ ಕೈಮುಗಿದಳು. ಅವಳ ತೋಳಿನ ಕೆಳಗಿಂದ ಪುಟ್ಟಿ ಮುಖ ತೂರಿಸಿದಳು.

"ಹೂ ಈಸ್ ದಟ್, ಅಪ್ಪ?"

"ರಿಪೇರಿ ಅಂಕಲ್. ಇವರೇ ಸರಿ ಮಾಡಿದ್ದು."

"ದೆನ್ ಹಿ ಶುಡ್ ಪ್ಲೇ ಟೂ. ಮೇಕ್ ಹಿಮ್."

ಅಪ್ಪನ ಕೈಯಲ್ಲಿ ನನ್ನ ಗೊಂಬೆ ಮಾಡಿಸಿದಳು. "ನೋ ಹೇರ್," ಎಂದಳು. ಕೂದಲು ತೆಗೆದ. ಕನ್ನಡಕ ಹಾಕಿಸಿದಳು. "ಮೋರ್ ಆಂಗ್ರಿ," ಎಂದಳು. ಸುರೇಶ ನಾಚಿಕೊಳ್ಳುತ್ತಲೇ ನನ್ನ ಹುಬ್ಬು ಗಂಟಿಕ್ಕಿದ. ಒಂದೇ ರಿಮೋಟನ್ನು ಕೈಯಿಂದ ಕೈಗೆ ದಾಟಿಸುತ್ತ ನಾಲ್ವರು ಆಡಿದೆವು. ಪುಟ್ಟಿ ಹೇಳಿದಂತೆ ಅವಳ ಚೆಂಡನ್ನು ಸುರೇಶ ಬಿಟ್ಟ, ಅವಳೇ ಗೆದ್ದಳು.

ಆಮೇಲೆ ಪ್ರತಿ ಶನಿವಾರ ಬರಲೇಬೇಕೆಂದು ಪುಟ್ಟಿಯ ಅಪ್ಪಣೆಯಾಯಿತು. ನಾನು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋಗುತ್ತಿದ್ದೆ. ಗಿರಿಜಾ ಹೋದ ಮೇಲೆ ನನಗಾಗಿ ಯಾರೋ ಕಾಯುತ್ತಿದ್ದಾರೆ ಎಂದು ಅನಿಸಿದ್ದು ಅದೇ ಮೊದಲು. ವಾರವಿಡೀ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಶನಿವಾರ ಹೇಳಲೆಂದು ಒಂದೆರಡು ಮಾತು ಕೂಡಿಟ್ಟುಕೊಳ್ಳುತ್ತಿದ್ದೆ. ನಾಚಿಕೆ ಏನು ಬಂತು, ನನ್ನ ವಾರಕ್ಕೆ ಇದ್ದದ್ದು ಅದೊಂದೇ ದಿನ.

ಚಳಿಗಾಲ ಕಳೆಯುವಷ್ಟರಲ್ಲಿ ಪುಟ್ಟಿಯ ಮಾತಿನಲ್ಲಿ ಇಂಗ್ಲಿಷ್ ಕಡಿಮೆಯಾಯಿತು. ಮೈಸೂರಿನ ಮಕ್ಕಳ ಹಾಗೆಯೇ ರಾಗವಾಗಿ ಕನ್ನಡ ಆಡತೊಡಗಿದಳು. "ಎಷ್ಟು ಚೆನ್ನಾಗಿ ಮಾತಾಡ್ತಾಳೆ ನೋಡಿ ಅಂಕಲ್," ಎಂದು ಸುರೇಶ ಹಿಗ್ಗಿದ. ಆಮೇಲಾಮೇಲೆ ಹಿಗ್ಗುವುದನ್ನು ಬಿಟ್ಟ. ಅವಳ ಮಾತಿನಲ್ಲಿ ಈಗ ಅಲ್ಲಿನ ಸ್ಕೂಲು, ಕೆಳಗಿನ ಮನೆಯ ಮಕ್ಕಳು, ಡ್ಯಾನ್ಸ್ ಕ್ಲಾಸು. ತನ್ನ ರೂಮ್ ಹೇಗಿದೆ, ತನ್ನ ಸೈಕಲ್ ಎಲ್ಲಿದೆ ಎಂದು ಕೇಳುತ್ತಿರಲಿಲ್ಲ. ಆಟವೂ ಚಿಕ್ಕದಾಗುತ್ತ ಬಂತು.

ಒಂದು ಶನಿವಾರ ಆಟದ ನಡುವೆ ಅಲ್ಲಿ ಯಾರೋ ಅವಳನ್ನು ಕೂಗಿದರು. "ಅಪ್ಪ, ನನ್ನ ಟರ್ನ್ ನೀನೇ ಆಡ್ಬಿಡು. ಎಲ್ಲಾ ಕಾಯ್ತಾ ಇದಾರೆ," ಎಂದು ಎದ್ದು ಓಡಿದಳು. ಸುಮಾ ಅವಳನ್ನು ಕರೆಯುತ್ತ ಹಿಂದೆಯೇ ಹೋದಳು. ಲ್ಯಾಪ್‌ಟಾಪಿನಲ್ಲಿ ಖಾಲಿ ಕುರ್ಚಿ ಉಳಿಯಿತು. ಟಿವಿಯಲ್ಲಿ ಪುಟ್ಟಿಯ ಗೊಂಬೆ ಚೆಂಡು ಹಿಡಿದು ನಿಂತಿತ್ತು. ಸುರೇಶ ಎಸೆಯಲಿಲ್ಲ.

"ಗುರುವಾರ ಕಂಪನಿಯಿಂದ ಫೋನ್ ಬಂತು ಅಂಕಲ್," ಎಂದ, ಟಿವಿಯನ್ನೇ ನೋಡುತ್ತ. "ಹೋಬೋಕನ್‌ನಲ್ಲಿ ಪ್ರಾಜೆಕ್ಟ್ ಇದೆಯಂತೆ. ಎರಡು ವರ್ಷದ್ದು. ಕೆಲಸ ಉಳೀತು. ಆದ್ರೆ ಮಧ್ಯದಲ್ಲಿ ಸ್ಕೂಲ್ ಬಿಡಿಸಿ ಅವಳನ್ನ ಮತ್ತೆ ಕರ್ಕೊಂಡು ಬರಬಾರದು ಅಂತಾಳೆ ಸುಮಾ. ನಾನೊಬ್ನೇ ಇರ್ಬೇಕು. ಏನ್ ಮಾಡ್ಲಿ, ನೀವೇ ಹೇಳಿ."

ಅವನು ಇದ್ದರೆ ಎರಡು ವರ್ಷದ ಶನಿವಾರಗಳೆಲ್ಲ ನನಗೆ ಉಳಿಯುತ್ತಿದ್ದವು. ಆ ಲೆಕ್ಕ ನನ್ನ ಮನಸ್ಸಿಗೆ ಮೊದಲು ಬಂತು, ಮುಚ್ಚುಮರೆಯೇಕೆ. ಇಂಥ ಕಾಲದಲ್ಲಿ ಕೈಗೆ ಬಂದ ಕೆಲಸ ಬಿಡಬೇಡ ಎಂದರೆ ಹಿರಿಯರ ಬುದ್ಧಿಮಾತಿನ ಹಾಗೆಯೇ ಕೇಳಿಸುತ್ತಿತ್ತು, ಯಾರೂ ತಪ್ಪು ಹುಡುಕುತ್ತಿರಲಿಲ್ಲ. ನಾಲಿಗೆಯ ತುದಿಯವರೆಗೂ ಬಂದಿತ್ತು. ಆ ಖಾಲಿ ಕುರ್ಚಿ ನೋಡಿದೆ.

"ಹೊರಡಪ್ಪ," ಎಂದೆ. "ಕೆಲಸ ಅಲ್ಲೂ ಸಿಗುತ್ತೆ. ಹೊರಡು."

ಅವನು ತಲೆಯಾಡಿಸಿದ. ಕಣ್ಣು ಒರೆಸಿಕೊಂಡ. ನಾನು ದೀಪಕ್ಕೆ ಎಣ್ಣೆ ಹಾಕುವ ನೆಪದಲ್ಲಿ ಬೆನ್ನು ತಿರುಗಿಸಿ ಕೂತೆ.

ಹೊರಡುವ ದಿನ ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ಇಲ್ಲಿನ ಕರೆಂಟಿಗೆ ಮಾಡಿದ ಗೇಮ್ ಅಲ್ಲಿ ತೊಂದರೆ ಕೊಡುತ್ತದೆಂದು ಅದನ್ನು ನಮ್ಮ ಅಂಗಡಿಗೇ ಮಾರಿ ಹೋಗಿದ್ದ. ನಾನು ಮನೆಗೆ ಒಯ್ಯಬಹುದಿತ್ತು. ಒಯ್ದು ಮಾಡುವುದೇನು, ಯಾರ ಜೊತೆ ಆಡುವುದು?

ಶೆಣೈಯವರು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಸೆಕೆಂಡ್ ಹ್ಯಾಂಡ್ ಗೇಮ್ ಮಾರುವ ಮುಂಚೆ ಒಳಗೆ ಉಳಿದದ್ದನ್ನೆಲ್ಲ ಅಳಿಸಬೇಕು, ಅದು ನನ್ನ ಕೆಲಸ. ಅವರಿವರ ಗೊಂಬೆಗಳನ್ನು ಅದಾಗಲೇ ಎಷ್ಟು ಅಳಿಸಿದ್ದೆನೋ ಲೆಕ್ಕವಿಲ್ಲ, ಯಾರ ಮುಖವನ್ನೂ ನಾನು ನೋಡಿದವನಲ್ಲ.

"ಗಿರಾಕಿ ಮಧ್ಯಾಹ್ನ ಬರ್ತಾರೆ. ಕ್ಲೀನ್ ಮಾಡಿ ಇಡಿ ಮಾರಾಯ್ರೆ," ಎಂದು ಶೆಣೈಯವರು ಮುಂದಕ್ಕೆ ಹೋದರು.

ಆನ್ ಮಾಡಿದೆ. ನಾಲ್ವರೂ ಸಾಲಾಗಿ ನಿಂತಿದ್ದರು. ಸುರೇಶ, ಸುಮಾ, ಪುಟ್ಟಿ, ಪಕ್ಕದಲ್ಲಿ ಹುಬ್ಬು ಗಂಟಿಕ್ಕಿದ ಬೋಳುತಲೆಯ ನಾನು. ಒಂದು ಆಟ ಹಾಕಿದೆ. ನಾಲ್ವರ ಚೆಂಡನ್ನೂ ಸರದಿಯ ಪ್ರಕಾರ ನಾನೇ ಬಿಟ್ಟೆ. ಪುಟ್ಟಿ ಗೆದ್ದಳು. ನೀನೇ ಗೆದ್ದೆ ಎಂದು ಅವಳಿಗೆ ಹೇಳೋಣವೆಂದರೆ ಅಲ್ಲಿ ಈಗ ಅಪ್ಪ ಮನೆಗೆ ಬಂದಿದ್ದಾನೆ, ಅವಳಿಗೆ ಈ ಆಟ ಯಾಕೆ ಬೇಕು.

ಗೊಂಬೆಗಳನ್ನು ಒಂದೊಂದಾಗಿ ಅಳಿಸಬಹುದು, ಒಟ್ಟಿಗೂ ಅಳಿಸಬಹುದು. ನಾನು ನಾಲ್ವರನ್ನೂ ಒಟ್ಟಿಗೇ ಅಳಿಸಿದೆ. ಒಬ್ಬೊಬ್ಬರನ್ನೇ ಕಳಿಸಿ ಕೊನೆಗೆ ನಾನೊಬ್ಬ ನಿಂತಿರುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ.